ಟರ್ಬೊ ಕಾರಿನ ನಡುಕ ಮತ್ತು ನಮ್ಮ ರಬ್ಬರ್ ಉದ್ದಿಮೆ

ನಾಲ್ಕು ಮೀಟರ್ ಮೀರದ ಉದ್ದ ಹಾಗೂ 1,200 ಸಿ.ಸಿ. ಮೀರದ ಪೆಟ್ರೋಲ್ ಎಂಜಿನ್ ಉಳ್ಳ ಕಾರುಗಳ ಅಬಕಾರಿ ಸುಂಕವನ್ನು 2006ರ ಕೇಂದ್ರ ಮುಂಗಡಪತ್ರವು ಶೇ. 24ರಿಂದ 16ಕ್ಕೆ ಇಳಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಜಿ.ಎಸ್.ಟಿ. ದರಗಳು ಪರಿಷ್ಕೃತಗೊಂಡಾಗಲೂ ಈ ಅಳತೆಗಳೇ ಉಳಿದುಕೊಂಡವು. ಮಿತಿಯೊಳಗಿದ್ದುಕೊಂಡೇ ಹೆಚ್ಚಿನ ಶಕ್ತಿ ಪಡೆಯಲು ಹಲವು ತಯಾರಕರು ಮೂರು ಸಿಲಿಂಡರಿನ ಟರ್ಬೊ ಎಂಜಿನ್ನುಗಳತ್ತ ಹೊರಳಿದರು. 2017ರಲ್ಲಿ ಬಂದ ನೆಕ್ಸಾನ್, 2019ರಲ್ಲಿ ಬಂದ ವೆನ್ಯೂ ಇದಕ್ಕೆ ಉದಾಹರಣೆಗಳು. ಆ ವರ್ಷಗಳ ಕಾರುಗಳಿಗೆ ಇಂದು ಹೊಸ ಎಂಜಿನ್ ಮೌಂಟಿಂಗ್‌ಗಳು ಬೇಕಾಗುತ್ತಿವೆ. ಈ ವ್ಯಾಪಾರ ಸಣ್ಣ ರಬ್ಬರ್ ಘಟಕಗಳಿಗೆ ದೊರೆಯಬೇಕಾದರೆ ಹಳೆಯ ನಂಬಿಕೆಯೊಂದನ್ನು ಕೈಬಿಡುವುದು ಅನಿವಾರ್ಯ.

ರಬ್ಬರ್ ಗಟ್ಟಿಯಾದಷ್ಟೂ ಬಾಳಿಕೆ ಹೆಚ್ಚು ಎಂಬುದೇ ಆ ನಂಬಿಕೆ. ಮಿನಿಟಿಗೆ 750 ಸುತ್ತುಗಳ ನಿಧಾನಗತಿಯಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 25 ಬಾರಿ ಬಡಿಯುತ್ತದೆ. ಮೂರು ಸಿಲಿಂಡರಿನದು ಸುಮಾರು 19 ಬಾರಿ ಮಾತ್ರ. ಮೌಂಟಿಂಗ್ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಆದ ಸಹಜ ಕಂಪನವೊಂದಿದೆ. ಬಡಿತವು ಅದರ 1.4 ಪಟ್ಟನ್ನು ದಾಟಿದರೆ ಮಾತ್ರ ರಬ್ಬರು ನಡುಕವನ್ನು ತಡೆಯಬಲ್ಲದು. ಸಹಜ ಕಂಪನ ಸೆಕೆಂಡಿಗೆ 12 ಆಗಿದ್ದರೆ 17ರಿಂದಾಚೆಗೆ ರಕ್ಷಣೆ ದೊರೆಯುತ್ತದೆ. ರಬ್ಬರಿನ ಬಿಗಿತ ಇಮ್ಮಡಿಯಾದರೆ ಸಹಜ ಕಂಪನವೇ 17ಕ್ಕೆ ಏರಿ, ರಕ್ಷಣೆಯ ಎಲ್ಲೆ 24ಕ್ಕೆ ಹೋಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಹೇಗೋ ಪಾರಾದೀತು. ಮೂರರದು ಸ್ಟೀರಿಂಗನ್ನೇ ನಡುಗಿಸುತ್ತದೆ. ದ್ರವ ತುಂಬಿದ ಮೂಲ ಮೌಂಟಿಂಗ್‌ನ ಜಾಗದಲ್ಲಿ ಅದೇ ಆಕಾರದ ಇಡಿಯ ರಬ್ಬರ್ ತುಂಡನ್ನು ಕೂರಿಸಿದಾಗಲೂ ಇಂತಹುದೇ ಫಲ. ಗ್ರಾಹಕನು ಮರುದಿನವೇ ಅಂಗಡಿಗೆ ಹಿಂದಿರುಗುತ್ತಾನೆ, ಮುಂದೆ ಕಂಪನಿಯ ಮಾಲನ್ನೇ ಕೇಳುತ್ತಾನೆ.

ಎರಡನೆಯ ಶತ್ರು ಶಾಖ. ಪೆಟ್ರೋಲ್ ಟರ್ಬೊದೊಳಕ್ಕೆ ನುಗ್ಗುವ ಅನಿಲದ ಉಷ್ಣತೆ ಪೂರ್ಣ ಭಾರದಲ್ಲಿ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೈಸರ್ಗಿಕ ರಬ್ಬರು ಕಂಪನ ತಡೆಯುವುದರಲ್ಲಿ ಉತ್ತಮವೇ ಸರಿ. ಆದರೆ ಸತತವಾಗಿ 80 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಅದು ಬೇಗ ಮುಪ್ಪಾಗುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಉದ್ದಿಮೆಯ ರೂಢಿಯ ಲೆಕ್ಕ. ಟರ್ಬೊ ಸಮೀಪದ ಭಾಗಗಳಿಗೆ ಇ.ಪಿ.ಡಿ.ಎಂ. ರಬ್ಬರಿನಂತಹ ಶಾಖಸಹಿಷ್ಣು ವಸ್ತುವೇ ಯೋಗ್ಯ. ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ. (ಶಾಖ ತಡೆಯುವ ತಗಡಿನ ಬೋಲ್ಟ್ ತುಕ್ಕು ಹಿಡಿದು ಸಡಿಲವಾದುದರಿಂದ ಬಂದ ಗಡಗಡ ಸದ್ದಿಗೂ ಮೌಂಟಿಂಗ್ ಬದಲಿಸುವ ಗ್ಯಾರೇಜುಗಳುಂಟು. ಅದು ಬೇರೆಯ ಮಾತು.)

ಪೊಟ್ಟಣದ ಮೇಲೆ ಕಾರಿನ ಹೆಸರು ಹಾಗೂ ಬೆಲೆಯನ್ನಷ್ಟೇ ಮುದ್ರಿಸುವುದು ಇನ್ನು ಸಾಲದು. ರಬ್ಬರಿನ ಜಾತಿ, ಗಡಸುತನ, ತಯಾರಿಕೆಯ ತಿಂಗಳು ಇವೂ ಇರಬೇಕು. ಕಂಪನದ ಸ್ಥಿತಿಯಲ್ಲಿ ಬಿಗಿತ ಅಳೆಯುವ ಯಂತ್ರವನ್ನು ಸಣ್ಣ ಘಟಕವೊಂದು ಕೊಳ್ಳಲಾರದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಕಿರು ಮತ್ತು ಸಣ್ಣ ಉದ್ದಿಮೆಗಳ ಗುಚ್ಛಗಳಿಗೆ ಸಾಮಾನ್ಯ ಸೌಲಭ್ಯ ಕೇಂದ್ರ ಸ್ಥಾಪಿಸಲು ನೆರವಾಗುವ ಕೇಂದ್ರ ಸರ್ಕಾರದ ಯೋಜನೆಯಿದೆ. ವಾಣಿಜ್ಯ ಮಂಡಳಿಗಳು ಮುಂದಾಗಿ ಘಟಕಗಳನ್ನು ಒಗ್ಗೂಡಿಸಬೇಕು. ಅಲ್ಲಿಯವರೆಗೆ ಥಾಣೆಯ ರಬ್ಬರ್ ಸಂಶೋಧನಾ ಸಂಸ್ಥೆಯಂತಹ ಪ್ರಯೋಗಾಲಯಗಳಿಗೆ ಮಾದರಿ ಕಳುಹಿಸಬಹುದು. ಶಾಖದ ಪರೀಕ್ಷೆಗಾದರೋ ಒಂದು ಒಲೆ ಸಾಕು. ತುಂಡನ್ನು 100 ಡಿಗ್ರಿಯಲ್ಲಿ 70 ಗಂಟೆ ಇರಿಸಿ, ಹಿಂದಿನ ಮತ್ತು ನಂತರದ ಗಡಸುತನವನ್ನು ಅಳೆದು ಬರೆದಿಟ್ಟುಕೊಳ್ಳುವ ಕೆಲಸವನ್ನು ಈ ತಿಂಗಳಿನಿಂದಲೇ ಆರಂಭಿಸಬಹುದು.