ಹಾಡಿಗೂ ಸೂತಕ
2001ರ ಸೆಪ್ಟೆಂಬರ್ 11ರ ದಾಳಿಯಾದ ಕೆಲವೇ ದಿನಕ್ಕೆ ಅಮೆರಿಕದ ಕ್ಲಿಯರ್ ಚಾನೆಲ್ ಕಂಪನಿಯೊಳಗೆ ಒಂದು ಪಟ್ಟಿ ಓಡಾಡಿತು. ಸಾವಿರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳಿದ್ದ ಕಂಪನಿ ಅದು. ಪಟ್ಟಿಯಲ್ಲಿದ್ದದ್ದು ಸದ್ಯಕ್ಕೆ ಹಾಕದಿದ್ದರೆ ವಾಸಿ ಎನಿಸಿದ 150ಕ್ಕೂ ಹೆಚ್ಚು ಹಾಡುಗಳು. ವಿಮಾನ, ಬೆಂಕಿ ಅಂತೆಲ್ಲ ಬರುವ ಹಾಡು ಬೇಡವೆಂದರೆ ಒಪ್ಪೋಣ, ಮನೆಯವರನ್ನು ಕಳೆದುಕೊಂಡವರ ಕಿವಿಗೆ ಅದು ಬೀಳಬಾರದು. ಆದರೆ ಜಾನ್ ಲೆನನ್‌ನ ‘ಇಮ್ಯಾಜಿನ್’ ಯಾರ ಗಾಯಕ್ಕೆ ಉಪ್ಪು ಸವರಿತ್ತು? ಲೂಯಿ ಆರ್ಮ್‌ಸ್ಟ್ರಾಂಗ್‌ನ ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’? ‘ವಾಕ್ ಲೈಕ್ ಆ್ಯನ್ ಈಜಿಪ್ಷಿಯನ್’ ಎಂಬ ಕುಣಿತದ ಹಾಡೂ ಇತ್ತು, ಈಜಿಪ್ಟಿನ ಹೆಸರೆತ್ತಿದ ತಪ್ಪಿಗೆ ಇರಬೇಕು! ನಿಷೇಧವಲ್ಲ, ಬರೀ ಸಲಹೆ ಎಂದಿತು ಕಂಪನಿ. ಅಳುಕಿದ ನೌಕರನಿಗೆ ಎರಡೂ ಒಂದೇ. ಇತ್ತ ಟಿವಿಯವರು ಮಾತ್ರ ಗೋಪುರ ಕುಸಿಯುವುದನ್ನೇ ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದರು. ದುಃಖವನ್ನು ಆರಲು ಬಿಡದವರಿಗೆ ಸೂಕ್ಷ್ಮತೆಯ ಪಾಠ ಯಾರೂ ಹೇಳಲಿಲ್ಲ. ಪಾಠ ಸಿಕ್ಕಿದ್ದು ಟಿವಿ ನಿರೂಪಕ ಬಿಲ್ ಮಾರ್‌ಗೆ. ದಾಳಿಕೋರರು ಏನೇ ಇರಲಿ ಹೇಡಿಗಳಲ್ಲ, ದೂರದಿಂದ ಕ್ಷಿಪಣಿ ಎಸೆಯುವುದೇ ಹೇಡಿತನ ಎಂಬರ್ಥದ ಮಾತಾಡಿದ್ದೇ ತಡ, ಫೆಡೆಕ್ಸ್, ಸಿಯರ್ಸ್ ಕಂಪನಿಗಳು ಆತನ ಕಾರ್ಯಕ್ರಮದಿಂದ ಜಾಹೀರಾತು ಹಿಂತೆಗೆದುಕೊಂಡವು. ಜನ ಮಾತಿನ ಮೇಲೆ ನಿಗಾ ಇಡಲಿ ಎಂದು ಶ್ವೇತಭವನದ ವಕ್ತಾರರೂ ದನಿಗೂಡಿಸಿದರು. ಮರುವರ್ಷ ಎಬಿಸಿ ವಾಹಿನಿ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು.