ಉದ್ಘಾಟನೆ ನೋಡಿದ ನೇಪಾಳಿ ಕೇಳಿದ ಪ್ರಶ್ನೆ

2034ರ ಫುಟ್ಬಾಲ್ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ ಎಂದು ಫಿಫಾ 2024ರ ಡಿಸೆಂಬರ್ 11ರಂದು ಘೋಷಿಸಿದಾಗ ನಮ್ಮ ಬ್ಯಾರಿ ಮನೆಗಳ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಪೆರ್ನಾಳಿನ ಸಂಭ್ರಮ. ಸಂತೋಷ ಪಡಬೇಕಾದ್ದೇ. ಆದರೆ ಕತಾರಿನಲ್ಲಿ ಏನಾಯಿತೆಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ.

2022ರ ನವೆಂಬರ್ 20. ಅಲ್ ಖೋರ್‌ನ ಅಲ್ ಬೈತ್ ಕ್ರೀಡಾಂಗಣ, ಮರುಭೂಮಿಯ ಬದೂಯಿನರ ಗುಡಾರದ ಆಕಾರದ್ದು. ಹುಟ್ಟಿನಿಂದಲೇ ಸೊಂಟದ ಕೆಳಗೆ ದೇಹವಿಲ್ಲದ ಗಾನಿಮ್ ಅಲ್ ಮುಫ್ತಾಹ್, ಅಮೆರಿಕದ ನಟ ಮಾರ್ಗನ್ ಫ್ರೀಮನ್ ಎದುರು ಸೂರಃ ಅಲ್ ಹುಜುರಾತ್‌ನ 13ನೇ ಆಯತ್ ಓದಿದರು. ಮನುಷ್ಯರನ್ನು ಜನಾಂಗ, ಗೋತ್ರಗಳನ್ನಾಗಿ ಮಾಡಿದ್ದು ಪರಸ್ಪರ ಅರಿಯಲಿಕ್ಕೆ ಎಂಬ ಆಯತ್ ಅದು. ಸಂತೇಬೆನ್ನೂರಿನಲ್ಲಿ ಮೊಬೈಲ್‌ನಲ್ಲಿ ನೋಡಿದ ನಮಗೆ ಮೈ ಜುಂ ಎಂದಿತ್ತು. ಮರುದಿನ ಮದ್ರಸದ ಮಕ್ಕಳೂ ಅದೇ ಮಾತು.

ಅದೇ ರಾತ್ರಿ ದೋಹಾದ ಕ್ಯಾಂಪ್ ರೂಮಿನಲ್ಲಿ ನಮ್ಮ ಭಾವ ಟೀವಿ ನೋಡುತ್ತಿದ್ದರು. ಪಕ್ಕದ ಮಂಚದ ನೇಪಾಳಿ ಹುಡುಗ ಒಂದು ಕ್ರೀಡಾಂಗಣಕ್ಕೆ ಕಂಬಿ ಕಟ್ಟಿದವನು. ಎಲ್ಲರೂ ದೀಪ, ಒಂಟೆ, ಹಾಡು ನೋಡುತ್ತಿದ್ದರೆ ಅವನ ಕಣ್ಣು ಚಾವಣಿಯ ಮೇಲೇ ಇತ್ತಂತೆ. ಓದಿದ್ದೇನು ಎಂದು ಕೇಳಿದ. ಭಾವ ತಮ್ಮ ಅರ್ಧಂಬರ್ಧ ಹಿಂದಿಯಲ್ಲಿ ಅರ್ಥ ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಲ್ಲಿ ಕೂತವ್ರಿಗೆ ನಾವು ಯಾರಂತ ಗೊತ್ತಾ?" ಅಂದನಂತೆ. ಉತ್ತರ ಕೊಡಲು ಭಾವನಿಗೆ ಆಗಲಿಲ್ಲ.

2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಭಾರತ, ನೇಪಾಳ, ಬಾಂಗ್ಲಾ, ಪಾಕಿಸ್ತಾನ, ಶ್ರೀಲಂಕಾದ 6,500ಕ್ಕೂ ಹೆಚ್ಚು ಜನ 2010ರ ನಂತರ ಕತಾರಿನಲ್ಲಿ ತೀರಿಕೊಂಡರು ಎಂದು ಬರೆದಿತ್ತು. ಅದು ಎಲ್ಲ ಕಾರಣದ ಸಾವುಗಳ ಲೆಕ್ಕ, ಕ್ರೀಡಾಂಗಣದ್ದು ಮಾತ್ರ ಅಲ್ಲ. ಕ್ರೀಡಾಂಗಣದ ಕೆಲಸದಲ್ಲೇ ಸತ್ತವರು ಮೂವರು ಎಂದು ಸಂಘಟಕರು ಹೇಳುತ್ತಿದ್ದರು. ಟೂರ್ನಿ ನಡೆಯುತ್ತಿರುವಾಗಲೇ ಅವರ ಮುಖ್ಯಸ್ಥ ಹಸನ್ ಅಲ್ ಥವಾದಿ, ವಿಶ್ವಕಪ್‌ಗೆ ಸಂಬಂಧಿಸಿದ ಕೆಲಸಗಳಲ್ಲಿ 400ರಿಂದ 500 ಎಂದರು. ಮೂರೆಲ್ಲಿ, ನಾನೂರೆಲ್ಲಿ! ಪಾಶ್ಚಾತ್ಯ ಪತ್ರಿಕೆಗಳಿಗೆ ಮುಸ್ಲಿಂ ದೇಶ ಕಂಡರಾಗದು ಎನ್ನುವ ನಮ್ಮವರ ಮಾತಿನಲ್ಲಿ ಸ್ವಲ್ಪ ಸತ್ಯ ಇದ್ದೀತು. ಆದರೆ ಸತ್ತವರು ಪಾಶ್ಚಾತ್ಯರಲ್ಲ, ನಮ್ಮ ಮಂಚದ ಪಕ್ಕದವರು. ಕೂಲಿಯಾಳಿನ ಬೆವರಿನ ಹದೀಸ್ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಕತಾರ್ ಒಳ್ಳೆಯದನ್ನೂ ಮಾಡಿದೆ: 2020ರಲ್ಲಿ ಧಣಿಯ ಎನ್‌ಒಸಿ ಇಲ್ಲದೆ ಕೆಲಸ ಬದಲಿಸಲು ಬಿಟ್ಟಿತು, ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳದ ಕಾನೂನು ತಂದಿತು. ಅಷ್ಟೆಲ್ಲ ಗಲಾಟೆ ಆಗದಿದ್ದರೆ ಇದು ಬರುತ್ತಿತ್ತೇ ಎಂಬುದು ನಮ್ಮ ಅನುಮಾನ.

ನಾವಿರುವ ಊರಿನಲ್ಲೂ ಹನುಮಪ್ಪ ನಾಯಕನ ಪುಷ್ಕರಣಿ ಇದೆ, ಅದರ ದಡದಲ್ಲಿ ರಣದುಲ್ಲಾ ಖಾನನ ಮುಸಾಫಿರ್‌ಖಾನಾ ಇದೆ. ಭಾನುವಾರ ಫೋಟೋಕ್ಕೆ ಬರುವವರಿಗೆ ಇಬ್ಬರ ಹೆಸರೂ ಹೇಳುತ್ತೇವೆ. ಕಲ್ಲು ಹೊತ್ತವರ ಹೆಸರು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಸೌದಿಯ ಐದು ನಗರಗಳಲ್ಲಿ 15 ಕ್ರೀಡಾಂಗಣಗಳು ಬೇಕು, ಹೆಚ್ಚಿನವು ಇನ್ನು ಕಟ್ಟಬೇಕಾದವು. ಕಟ್ಟಲು ಹೋಗುವವರಲ್ಲಿ ನಮ್ಮ ಮಹಲ್ಲ್‌ಗಳ ಹುಡುಗರೂ ಇರುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್. ಅವರು ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಿ ಕೆಲಸದ ವೀಸಾದಲ್ಲೇ ಹೋಗಬೇಕು. ಆಗ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆ ಇರುತ್ತದೆ, ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ವಿಸಿಟ್ ವೀಸಾದಲ್ಲಿ ಕಳಿಸಿ "ಅಲ್ಲಿ ಹೋದ ಮೇಲೆ ಸರಿ ಮಾಡುವ" ಎನ್ನುವ ಏಜೆಂಟನಿಗೆ ದುಡ್ಡು ಎಣಿಸುವ ಮೊದಲು ಮನೆಯವರು ಈ ಕಾಗದಗಳನ್ನು ಕೇಳಲಿ. ಕರಾರು ಪತ್ರದ ಒಂದು ನಕಲು ಉಮ್ಮನ ಕಪಾಟಿನಲ್ಲಿರಲಿ.