ಬಾಯಿ ಮುಚ್ಚಿಸುವವರೂ ನಾವೇ, ಫೀಸು ಕಟ್ಟುವವರೂ ನಾವೇ!

ಮಗ ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್. ಆದರೆ ಇಂಟರ್‌ವ್ಯೂಗೆ ಹೋಗಿ ಸಪ್ಪೆ ಮುಖ ಹಾಕ್ಕೊಂಡು ಬಂದ. ‘ಉತ್ತರ ಗೊತ್ತಿತ್ತಮ್ಮ, ಬಾಯಿಗೇ ಬರ್ಲಿಲ್ಲ’ ಅಂದ. ನಿಮ್ಮ ಮನೆಯಲ್ಲೂ ಹೀಗಾಗಿದೆಯಾ?

ಹಂಗಾರಕಟ್ಟೆಯನ್ನೇ ನೋಡಿ. ನಷ್ಟಕ್ಕೆ ಸಿಕ್ಕಿದ್ದ ಟೆಬ್ಮಾ ಹಡಗು ನಿರ್ಮಾಣ ಕಂಪನಿಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ವಹಿಸಿಕೊಂಡಿತು. 2022ರಲ್ಲಿ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಆಯಿತು. ನಾರ್ವೆಯಿಂದಲೂ ಹಡಗಿಗೆ ಆರ್ಡರ್ ಬಂತು. ಊರ ಬಾಗಿಲಿಗೇ ಕೆಲಸ ಬಂದರೆ ಸಂತೋಷವೇ. ಆದರೆ ಇಂಥ ಕಡೆ ವೆಲ್ಡಿಂಗ್ ಬಂದರಷ್ಟೇ ಸಾಲದು. ಅರ್ಥವಾಗದಿದ್ದರೆ ‘ಸಾರ್, ಇನ್ನೊಮ್ಮೆ ಹೇಳಿ’ ಅನ್ನಬೇಕು. ತಪ್ಪು ಕಂಡರೆ ಕೂಡಲೇ ತಿಳಿಸಬೇಕು. ಸಂಕೋಚಪಟ್ಟು ಸುಮ್ಮನಿದ್ದರೆ ಕೈಕಾಲಿಗೇ ಅಪಾಯ. ಸಾಫ್ಟ್ ಸ್ಕಿಲ್ ಅಂದರೆ ಇದೇ. ಟೈ ಕಟ್ಟಿ ಟಸ್‌ಪುಸ್ ಇಂಗ್ಲಿಷ್ ಆಡುವುದಲ್ಲ.

ಇದನ್ನು ಕಸುಬಿನ ಜತೆಗೇ ಕಲಿಸಬೇಕೆಂಬುದು ಸಮುದಾಯ ಕಾಲೇಜುಗಳ ಆಶಯ. ನಮ್ಮ ದೇಶದಲ್ಲಿ ಇವು ಶುರುವಾದದ್ದು 1995ರಲ್ಲಿ, ಪುದುಚೇರಿಯಲ್ಲಿ. 2013ರಲ್ಲಿ ಯುಜಿಸಿಯೂ ಯೋಜನೆ ತಂದಿತು. ನಮ್ಮ ಕರಾವಳಿಗೆ ಇದು ಹೊಸತೇನಲ್ಲ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ ಬ್ರಹ್ಮಾವರದಲ್ಲೂ ಇದೆ. ಅದರ ಗುರಿ ಸ್ವಂತ ಉದ್ಯೋಗ. ಹಳ್ಳಿಯ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಕಸುಬಿನ ಜತೆ ಆತ್ಮವಿಶ್ವಾಸ, ಮಾತುಕತೆಯನ್ನೂ ಹೇಳಿಕೊಡುತ್ತದೆ. ತರಬೇತಿ ಮುಗಿದ ಮೇಲೂ ವಿಚಾರಿಸಿಕೊಳ್ಳುತ್ತದೆ.

ಹಾಗಾಗಿ ಎಲ್ಲೇ ಆಗಲಿ, ಫೀಸು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಪಾಠ ಬರೀ ನೋಟ್ಸೋ, ಮಕ್ಕಳೂ ಮಾತಾಡ್ತಾರೋ? ನಿಜವಾದ ಕೆಲಸದ ಜಾಗದಲ್ಲಿ ಎಷ್ಟು ದಿನ ತರಬೇತಿ? ಮುಗಿದ ಮೇಲೆ ಕೇಳುವವರು ಯಾರು? ಉತ್ತರ ತಡವರಿಸಿದರೆ ದುಡ್ಡು ಪರ್ಸಿನಲ್ಲೇ ಇರಲಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ‘ದೊಡ್ಡವರ ಎದುರು ಮಾತಾಡಬೇಡ’ ಎಂದು ಹದಿನೆಂಟು ವರ್ಷ ಬಾಯಿ ಮುಚ್ಚಿಸುತ್ತೇವೆ. ಆಮೇಲೆ ಮಾತು ಕಲಿಸಿ ಎಂದು ಕಾಲೇಜಿಗೆ ದುಡ್ಡು ಸುರಿಯುತ್ತೇವೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. ಆರು ತಿಂಗಳ ಕೋರ್ಸು ಎಷ್ಟೆಂದು ತಿದ್ದೀತು?

ಇವತ್ತಿನಿಂದಲೇ ಶುರು ಮಾಡಿ. ಗ್ಯಾಸ್ ಏಜೆನ್ಸಿಗೆ ಮಗಳೇ ಫೋನ್ ಮಾಡಲಿ. ಬ್ಯಾಂಕಿನಲ್ಲಿ ಮಗನೇ ವಿಚಾರಿಸಲಿ. ತಡವರಿಸಿದರೂ ನೀವು ನಡುವೆ ಬಾಯಿ ಹಾಕಬೇಡಿ. ಊಟದ ಹೊತ್ತಿಗೆ ಅವರ ಅಭಿಪ್ರಾಯ ಕೇಳಿ, ಕೊನೆತನಕ ಆಲಿಸಿ. ಮನೆಯಲ್ಲಿ ‘ಯಾಕೆ’ ಎಂದು ಕೇಳಿ ಅಭ್ಯಾಸವಾದ ಮಕ್ಕಳಿಗೆ ಕೆಲಸದ ಜಾಗದಲ್ಲಿ ಬಾಯಿ ಕಟ್ಟುವುದಿಲ್ಲ.